ಊಟಕ್ಕೆ ನಿಂತ ಅಬ್ಬಿ

ಆ ಭಾನುವಾರ ನಮ್ಮ ಮನೆಗೆ ಅಬ್ಬಿ ಬರುವುದೆಂದು ಪಟ್ಟಿಯಲ್ಲಿ ಬರೆದಿತ್ತು. ಅಬ್ಬಿ ಎಂದರೆ ನಮ್ಮೂರ ಜಲಪಾತ. ಪಟ್ಟಿಯನ್ನು ಪುರಸಭೆಯವರು ಪ್ರತಿ ಶುಕ್ರವಾರ ಮಾರ್ಕೆಟ್ಟಿನ ಕಂಬಕ್ಕೆ ಅಂಟಿಸುತ್ತಾರೆ. ಯಾವ ಬೀದಿ, ಯಾವ ಮನೆ, ಯಾವ ನೋಟ ಎಂದು ಅದರಲ್ಲಿರುತ್ತದೆ. ನಮ್ಮದು ಬೆಟ್ಟದ ಮೇಲಿನ ಊರು. ವಾರವಿಡೀ ಬಯಲಿನ ಜನ ವ್ಯಾನು ಮಾಡಿಕೊಂಡು, ಮಕ್ಕಳು ಮರಿ ಕಟ್ಟಿಕೊಂಡು, ಬೆಳಗ್ಗೆ ಬಂದು ಅಬ್ಬಿ, ಕೆರೆ, ಗವಿ, ಹೂದೋಟ, ಹೊತ್ತು ಮುಳುಗುವುದು ಕಾಣುವ ಸಂಜೆಬಂಡೆ ಎಲ್ಲವನ್ನೂ ನೋಡಿ ಸಂಜೆಗೆ ಇಳಿದುಹೋಗುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ನೋಡಿಸಿಕೊಂಡು ನೋಡಿಸಿಕೊಂಡು ಸುಸ್ತಾದ ಇವು, ಭಾನುವಾರ ತಾವೇ ಎದ್ದು ಊರೊಳಕ್ಕೆ ನಮ್ಮನ್ನು ನೋಡಲು ಬರುತ್ತವೆ. ಹತ್ತು ಗಂಟೆಗೆ ಬಂದರೆ ಐದಕ್ಕೆ ಹೊರಡುತ್ತವೆ. ನಾನು ಹುಟ್ಟುವ ಮೊದಲಿನಿಂದಲೂ ಹೀಗೆಯೇ.

ಒಂದೊಂದಕ್ಕೆ ಒಂದೊಂದು ಥರದ ತಯಾರಿ ಬೇಕು. ಕೆರೆ ಬರುವ ಮನೆಯವರು ಮಂಚದ ಕಾಲಿಗೆ ಇಟ್ಟಿಗೆ ಕೊಡುತ್ತಾರೆ. ಕೆರೆಗೆ ಹೆಂಗಸರು ಅಕ್ಕಿ ಆರಿಸುವುದನ್ನು ನೋಡುವುದೆಂದರೆ ಇಷ್ಟ, ಅದಕ್ಕೇ ಆರಿಸಿದ ಅಕ್ಕಿಯನ್ನೇ ಇನ್ನೊಮ್ಮೆ ಮೊರಕ್ಕೆ ಸುರಿದುಕೊಂಡು ಕೂರಬೇಕು. ಸಂಜೆಬಂಡೆ ಬರುವ ಮನೆಯಲ್ಲಿ ಹನ್ನೊಂದು ಗಂಟೆಗೇ ಹೊತ್ತು ಮುಳುಗಿಬಿಡುತ್ತದೆ. ಕೋಳಿಗಳು ಗೂಡು ಸೇರುತ್ತವೆ, ಮಕ್ಕಳು ತೂಕಡಿಸುತ್ತವೆ. ಹೊಸ ಸೊಸೆಯರು ಅಭ್ಯಾಸಬಲದಿಂದ ದೀಪ ಹಚ್ಚಿ, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಗವಿ ಬಂದರೆ ಬಾವಲಿಗಳ ಸಮೇತ ಬರುತ್ತದೆ. ಆದರೆ ಹೋಗುವಾಗ ಹಿಂದೆಂದೋ ಕಳೆದುಹೋದ ಒಂದೆರಡು ಲೋಟ, ಸೌಟು ಬಿಟ್ಟುಹೋಗುತ್ತದೆ ಎಂದು ಅದನ್ನು ಯಾರೂ ಬೇಡ ಅನ್ನುವುದಿಲ್ಲ. ಮನೆಯವರೆಲ್ಲ ತಲೆ ಬಾಚಿ, ಒಗೆದ ಬಟ್ಟೆ ಹಾಕಿ, ಏನಾದರೂ ಕೆಲಸ ಮಾಡುತ್ತಾ ಕಾಣಿಸಿಕೊಳ್ಳಬೇಕು. ಸಂಜೆ ಮನೆಯ ಹಿರಿಯಳು ಅರಿಶಿನ ಕುಂಕುಮ ಕೊಟ್ಟು 'ಹೋಗಿ ಬಾ' ಅನ್ನಬೇಕು. ಅಷ್ಟೇ ಅನ್ನಬೇಕು. ಅದರ ಮೇಲೆ ಒಂದು ಮಾತೂ ಆಡಬಾರದು ಎಂದು ನಮ್ಮೂರಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು.

ಅಬ್ಬಿ ನಮ್ಮ ಮನೆಗೆ ಬರುವುದು ಅದೇ ಮೊದಲು. ಮಗ ಶಿವನಂಜ ನಡುಮನೆಯ ಹಾಸುಗಲ್ಲಿನ ಮೇಲೆ ಬಚ್ಚಲವರೆಗೂ ಮಣ್ಣಿನ ಬದು ಕಟ್ಟಿದ. ಸೊಸೆ ದಾಕ್ಷಾಯಿಣಿ ಹಾಸಿಗೆ, ಅಕ್ಕಿ ಮೂಟೆ, ಮೊಮ್ಮಗಳು ತನುಜಳ ಪುಸ್ತಕ ಎಲ್ಲವನ್ನೂ ಅಟ್ಟಕ್ಕೆ ಹಾಕಿದಳು. ಹತ್ತಕ್ಕೆ ಸರಿಯಾಗಿ ಬೀದಿಯ ಕೊನೆಯಿಂದ ಸದ್ದು ಕೇಳಿಸಿತು. ಬಾಗಿಲು ಗಿಡ್ಡ ಎಂದು ತಲೆ ಬಗ್ಗಿಸಿ ಒಳಗೆ ಬಂದು, ಹಿಂಗೋಡೆಯ ಹತ್ತಿರ ಹೋಗಿ, ಜಂತಿಯಿಂದ ನೆಲದವರೆಗೆ ಹನ್ನೊಂದು ಅಡಿ ನಿಂತುಕೊಂಡಿತು. ಬಹಳ ಮರ್ಯಾದಸ್ಥ ಅಬ್ಬಿ. ಪಾತ್ರೆಯ ಗೂಡಿಗೆ ಒಂದು ಹನಿ ಸಿಡಿಸಲಿಲ್ಲ. ನಾವು ಹುರುಳಿಕಾಯಿ ಸೋಸಿದ್ದು, ತನುಜ ಮಗ್ಗಿ ಹೇಳಿದ್ದು, ಶಿವನಂಜ ಛತ್ರಿಯ ಕಡ್ಡಿ ಸರಿಮಾಡಿದ್ದು ಎಲ್ಲವನ್ನೂ ಸಂಜೆಯವರೆಗೂ ನೋಡಿತು.

ತಪ್ಪು ನಡೆದದ್ದು ಹೊರಡುವ ಹೊತ್ತಿನಲ್ಲಿ. ನಾನು ಕುಂಕುಮದ ಬಟ್ಟಲು ಹಿಡಿದು ಹೊಸಿಲ ಹತ್ತಿರ ನಿಂತಿದ್ದೆ. ಬೇಸಿಗೆಯ ಕೊನೆ ನೋಡಿ, ಅಬ್ಬಿ ಸಣಕಲಾಗಿತ್ತು. ಹೊಸಿಲು ದಾಟುವಾಗ ಅದರ ಬೆನ್ನು ನೋಡಿ ನನಗೆ ಅಯ್ಯೋ ಅನಿಸಿತು. ಅರವತ್ತು ವರ್ಷದಿಂದ ಬಾಗಿಲಿಗೆ ಬಂದವರಿಗೆಲ್ಲ ಹೇಳಿದ ಮಾತು ತಾನಾಗಿಯೇ ಬಾಯಿಂದ ಬಿತ್ತು: "ಇಷ್ಟು ಬೇಗ ಹೊರಟ್ಯಾ? ಇದ್ದು ಊಟ ಮಾಡ್ಕೊಂಡು ಹೋಗು."

ದಾಕ್ಷಾಯಿಣಿಯ ಕೈಯಿಂದ ಚೆಂಬು ಜಾರಿತು. ಅಬ್ಬಿ ಹೊಸಿಲ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ನೀರೆಲ್ಲ ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ಒಳಗೆ ಹೋಗಿ, ಹಿಂಗೋಡೆಗೆ ನಿಂತುಕೊಂಡಿತು.

"ಅವ್ವ, ಏನವ್ವ ಮಾಡ್ದೆ?" ಎಂದ ಶಿವನಂಜ.

"ಬಾಯಿತಪ್ಪಿ ಬಂತು ಕಣೋ. ಈಗೇನು, ಊಟಕ್ಕಿಟ್ಟು ಕಳಿಸಿದ್ರಾಯ್ತು."

"ಏನು ಉಣ್ತದೆ ಅದು?"

ಅದು ನನಗೂ ಗೊತ್ತಿರಲಿಲ್ಲ. ಆ ರಾತ್ರಿ ಬಾಳೆ ಎಲೆ ಹಾಕಿ, ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ ಬಡಿಸಿ ಎದುರಿಗಿಟ್ಟೆವು. ಎಲೆ ಸುತ್ತು ತಿರುಗಿ, ಬದುವಿನ ಪಕ್ಕದಲ್ಲೇ ತೇಲಿ, ಬಚ್ಚಲಿಗೆ ಹೋಯಿತು. ಸೋಮವಾರ ಪಾಯಸ ಮಾಡಿದೆವು, ಅದೂ ಬಚ್ಚಲಿಗೆ. ಕಡುಬು ಮಾತ್ರ ಸ್ವಲ್ಪ ಹೊತ್ತು ಕುಣಿದು ಆಮೇಲೆ ಹೋಯಿತು. ನಾನು ಕರೆದಿದ್ದೇನೆ, ಬಂದವರು ಹಸಿದು ನಿಂತಿದ್ದಾರೆ. ಅವರು ಉಣ್ಣದೆ ನಾನು ಅನ್ನ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ನಡೆದುಬಂದದ್ದು ಹಾಗೆ. ಹಾಗಾಗಿ ಎರಡು ಹೊತ್ತು ಕಾಫಿ, ಮಧ್ಯೆ ಒಂದು ಬಾಳೆಹಣ್ಣು, ಅಷ್ಟರಲ್ಲೇ ಇದ್ದೆ.

"ಅತ್ತೆ, ಅದು ನೀರು. ಅದು ಹಸಿದಿದೆ ಅಂತ ನಿಮಗೆ ಯಾರು ಹೇಳಿದ್ರು?" ಎಂದು ದಾಕ್ಷಾಯಿಣಿ ಕೂಗಿದಳು. ಮನೆಯೊಳಗೆ ಮಾತೆಲ್ಲ ಕೂಗಿಯೇ ಆಡಬೇಕಾಗಿತ್ತು.

"ಹಸಿದಿಲ್ಲದಿದ್ರೆ ಯಾಕೆ ತಿರುಗಿ ಬರ್ತಿತ್ತು?" ಎಂದು ನಾನೂ ಕೂಗಿದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೋಗಿ ಒಲೆಯನ್ನು ಪಕ್ಕದ ಮನೆಯ ಜಗುಲಿಗೆ ಸಾಗಿಸಿದಳು. ಅಂದಿನಿಂದ ಅವರು ಮೂವರೂ ಅಲ್ಲೇ ಉಂಡು ಬರುತ್ತಿದ್ದರು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅಬ್ಬಿಯ ಕಾವಲುಗಾರ ಮುದ್ದಯ್ಯ ತನ್ನ ಸ್ಟೂಲು, ಸೀಟಿ, ಛತ್ರಿ ಹಿಡಿದುಕೊಂಡು ಬಂದ. ಮೂವತ್ತು ವರ್ಷದಿಂದ ಅದನ್ನು ಕಾಯುವುದೇ ಅವನ ನೌಕರಿ. "ಅದು ಎಲ್ಲಿರ್ತದೋ ನನ್ನ ಡ್ಯೂಟಿ ಅಲ್ಲೇ ಪುಟ್ಟಗೌರಮ್ಮ, ಬೇಜಾರು ಮಾಡ್ಕೋಬ್ಯಾಡಿ" ಎಂದು ನಡುಮನೆಯ ಕಂಬಕ್ಕೆ ಸ್ಟೂಲು ಹಾಕಿ ಕೂತ. ಆಮೇಲೆ ನಮ್ಮಲ್ಲಿ ಯಾರೇ ಪಾತ್ರೆ ತೆಗೆಯಲು ಆ ಕಡೆ ಹೋಗಲಿ, ಪೀಪಿ ಎಂದು ಸೀಟಿ ಊದುತ್ತಿದ್ದ. "ಹತ್ರ ಹೋಗ್ಬ್ಯಾಡಿ! ಜಾರ್ತದೆ!"

"ನಮ್ಮನೆ ಕಣಪ್ಪ ಇದು" ಎಂದಳು ದಾಕ್ಷಾಯಿಣಿ.

"ಅಪಾಯಕ್ಕೆ ಅದೆಲ್ಲ ಗೊತ್ತಾಗ್ತದೇನವ್ವ?"

ಮಂಗಳವಾರ ಪುರಸಭೆಯಿಂದ ನೋಟೀಸು ಬಂತು. ತಂದವನು ಓವರ್‌ಸೀಯರ್ ವಿರೂಪಾಕ್ಷಯ್ಯ, ನಮ್ಮ ಬೀದಿಯವನೇ, ಚಿಕ್ಕಂದಿನಲ್ಲಿ ನಮ್ಮ ಸೀಬೆಮರ ಹತ್ತಿ ಬಿದ್ದವನು. ಓದಿ ಹೇಳುತ್ತೇನೆ ಎಂದ. ಬೇಡ, ನಾನೇ ಓದುತ್ತೇನೆ ಎಂದೆ. ಐವತ್ತೆಂಟು ತುಂಬಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತ ಅಕ್ಷರ, ಬೆರಳಿಟ್ಟುಕೊಂಡು ಓದಬೇಕು. ನಾನು ಒಂದೊಂದು ಸಾಲು ಮುಗಿಸುವಷ್ಟರಲ್ಲಿ ಪಾಪ ಅವನು ಎರಡು ಸಲ ಬೆವರು ಒರೆಸಿಕೊಂಡ. ಅದರಲ್ಲಿ ಹೀಗಿತ್ತು: ಸದರಿ ಜಲಪಾತವು ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಸ್ವಸ್ಥಾನಕ್ಕೆ ಮರಳದಿದ್ದಲ್ಲಿ, ಅದು ಇರುವ ಜಾಗವನ್ನೇ ಪ್ರೇಕ್ಷಣೀಯ ಸ್ಥಳವೆಂದು ಬೋರ್ಡು ನೆಟ್ಟು ಘೋಷಿಸಲಾಗುವುದು. ಮನೆಯವರು ಖಾಲಿ ಮಾಡತಕ್ಕದ್ದು. ಬದಲಿಗೆ ಜಲಪಾತವು ಖಾಲಿ ಮಾಡಿದ ಜಾಗವನ್ನು ಅವರ ವಾಸಕ್ಕೆ ಕೊಡಲಾಗುವುದು.

"ಅದು ಬಂಡೆ ಕಣೋ ವಿರೂಪಾಕ್ಷಿ. ನೆಟ್ಟಗೆ ನಿಂತಿರೋ ಬಂಡೆಯಂತೆ. ಅಲ್ಲಿ ಮಂಚ ಎಲ್ಲಿ ಹಾಕೋದು?"

"ಗೊತ್ತು ದೊಡ್ಡವ್ವ. ಆದ್ರೆ ಜಾಗ ವಿಸ್ತಾರವಾಗದೆ ಅಂತ ಸಾಹೇಬ್ರು ಬರ್ದವ್ರೆ. ಗಾಳಿ ಬೆಳಕಿಗೇನೂ ತೊಂದ್ರೆ ಇಲ್ವಂತೆ."

ಈ ಮನೆಯ ಗಾರೆ ಕಲಸಿದವಳು ನಾನು. ಬೇರೆಯವರ ಕಟ್ಟಡಗಳಲ್ಲಿ ಹಗಲೆಲ್ಲ ಬಾಂಡಲಿ ಹೊತ್ತು, ಉಳಿದ ಹೊತ್ತಿನಲ್ಲಿ ನಾನೂ ನನ್ನ ಗಂಡನೂ ನಾಲ್ಕು ವರ್ಷ ಕಟ್ಟಿದ ಮನೆ. ಅಬ್ಬಿ ನಿಂತಿದ್ದ ಆ ಹಿಂಗೋಡೆ ನನ್ನ ಕೈಯಲ್ಲೇ ಎದ್ದದ್ದು, ಎಡಕ್ಕೆ ಎರಡು ಬೆರಳು ವಾಲಿದೆ. ಗಂಡ ಸಾಯುವವರೆಗೂ ಅದನ್ನು ಹೇಳಿ ನಗುತ್ತಿದ್ದ. ಅಷ್ಟು ನೀರು ಬಿದ್ದರೂ ಆ ಗೋಡೆಯ ಗಾರೆ ಒಂದು ಚೂರೂ ಕಿತ್ತುಬಂದಿರಲಿಲ್ಲ. ಅದನ್ನು ಬಿಟ್ಟು ನಾನು ಬಂಡೆಗೆ ಹೋಗುವುದೆಂದರೆ ನನ್ನಿಂದಾಗುವ ಮಾತಲ್ಲ. ನನ್ನ ಬಾಯಿಂದ ಬಿದ್ದ ಒಂದು ಮಾತಿಗೆ ಮಗ, ಸೊಸೆ, ಮೊಮ್ಮಗಳು ಮನೆ ಕಳೆದುಕೊಳ್ಳುವುದು ಯಾವ ನ್ಯಾಯ?

ಅಂದು ಸಂಜೆ ಶಿವನಂಜ ಅಬ್ಬಿಯ ಮುಂದೆ ನಿಂತು ಕೈಮುಗಿದು, "ಇನ್ನು ಹೊರಡಪ್ಪ" ಎಂದುಬಿಟ್ಟ. ಅಬ್ಬಿ ನಾಚಿಕೆಯಿಂದ ದಾರದ ಹಾಗೆ ಸಣ್ಣಗಾಯಿತು. ಎಲ್ಲಿ ಒಣಗಿಯೇ ಹೋಗುತ್ತದೋ ಅನ್ನಿಸಿತು. ನಾನು ಓಡಿಬಂದು ಮಗನ ರಟ್ಟೆ ಹಿಡಿದು ಹಿಂದಕ್ಕೆಳೆದೆ.

"ಊಟಕ್ಕೆ ಕರೆದೋರನ್ನ ಹಸಿದ ಹೊಟ್ಟೇಲಿ ಕಳಿಸ್ತೀಯೇನೋ? ಯಾರ ಮನೇಲಿ ಕಲ್ತೆ ಇದನ್ನ?" ಎಂದು ಬೈದು, ಅಬ್ಬಿಯ ಕಡೆ ತಿರುಗಿ, "ಅವನ ಮಾತು ಮನಸಿಗೆ ಹಾಕ್ಕೋಬೇಡ. ನೀನು ನಿಧಾನವಾಗಿ ಉಂಡ್ಕೊಂಡೇ ಹೋಗು" ಎಂದೆ. ಅದು ಮತ್ತೆ ಮೊದಲಿನಷ್ಟಾಯಿತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಒಂದು ಗೇಣು ಹೆಚ್ಚೇ ಆಯಿತು. ಶಿವನಂಜ ನನ್ನ ಮುಖ ನೋಡಿ, ಬದುವಿಗೆ ಇನ್ನೊಂದು ವರಸೆ ಮಣ್ಣು ಹಾಕಿದ.

ಬುಧವಾರ ಬೀದಿಯವರೆಲ್ಲ ಸೇರಿ ಯೋಚನೆ ಮಾಡಿದರು. ಒಬ್ಬರು ಮೀನು ಹಾಕಿ ನೋಡಿ ಎಂದರು. ಒಬ್ಬರು ಅದಕ್ಕೆ ಇವತ್ತು ಉಪವಾಸವಿರಬಹುದು ಎಂದರು. ಕೊನೆಗೆ ಮುದ್ದಯ್ಯ ಸ್ಟೂಲಿನ ಮೇಲಿಂದಲೇ ಬಾಯಿಬಿಟ್ಟ. "ನಾನು ಕಂಡಂಗೆ ಅದು ವಾರಕ್ಕೆ ಎರಡು ಜೊತೆ ಚಪ್ಪಲಿ ತಿಂತದೆ. ಕನ್ನಡಕ ಸಿಕ್ರೆ ಕನ್ನಡಕ. ಹೋದ್ವರ್ಷ ಒಂದು ಟೋಪಿ. ಬೇರೆ ಏನೂ ತಿಂದಿದ್ದು ನಾನು ಕಾಣೆ."

"ಮೊದ್ಲೇ ಹೇಳೋದಲ್ವೇನಯ್ಯ ಮುದ್ದಯ್ಯ!" ಎಂದು ಎಲ್ಲರೂ ಅವನ ಮೇಲೆ ಬಿದ್ದರು.

ಗುರುವಾರ ಬೆಳಗ್ಗೆ ಬೀದಿಯುದ್ದಕ್ಕೂ ಚಪ್ಪಲಿ ಬಂದವು. ಹರಿದದ್ದು, ಒಂಟಿಯಾದದ್ದು, ಮದುವೆಮನೆಯಲ್ಲಿ ಅದಲುಬದಲಾಗಿ ಬಂದು ಯಾರ ಕಾಲಿಗೂ ಹತ್ತದೆ ಉಳಿದದ್ದು. ಹರಿದ ಚಪ್ಪಲಿ ನೆಂಟರಿಗಿಡುವುದೇ ಎಂದು ನನಗೆ ಮುಜುಗರವಾಗಿ, ಹಬ್ಬಕ್ಕೆ ತೆಗೆದಿಟ್ಟಿದ್ದ ನನ್ನ ಹೊಸ ಜೋಡನ್ನೇ ಮೊದಲು ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ. ಗುಳುಂ ಎಂದು ತೆಗೆದುಕೊಂಡಿತು! ಜನ ಚಪ್ಪಾಳೆ ತಟ್ಟಿದರು. ಮಧ್ಯಾಹ್ನದೊಳಗೆ ನಲವತ್ತೊಂದು ಚಪ್ಪಲಿ ಹೋದವು. ಎಲ್ಲಿ ಹೋದವೋ, ಬಚ್ಚಲಲ್ಲಂತೂ ಒಂದೂ ಬರಲಿಲ್ಲ. ತನುಜ ತನ್ನ ಶಾಲೆಯ ಬೂಟೂ ಹಾಕಲು ಹೊರಟಿದ್ದಳು, ಅವಳಮ್ಮ ಹಿಡಿದುಕೊಂಡಳು. ಆದರೆ ಐದು ಗಂಟೆಯಾಯಿತು, ಆರಾಯಿತು. ಅಬ್ಬಿ ಜಾಗ ಬಿಟ್ಟು ಕದಲಲಿಲ್ಲ.

"ಅದು ಎಲೆ ಅಡಿಕೆ ಇದ್ದಂಗೆ ಅಂತ ಕಾಣ್ತದೆ" ಎಂದ ಮುದ್ದಯ್ಯ, ತಲೆ ಕೆರೆದುಕೊಂಡು. "ಬಾಯಾಡೋಕೆ. ಊಟ ಬೇರೆ ಇರ್ಬೇಕು."

ಬೀದಿಯವರು ಬರಿಗಾಲಲ್ಲಿ ಮನೆಗೆ ಹೋದರು.

ಶುಕ್ರವಾರ ಬಯಲಿನವರು ಬರತೊಡಗಿದರು. ಅಬ್ಬಿ ಅಲ್ಲಿಲ್ಲ, ಇಂಥ ಬೀದಿಯ ಇಂಥ ಮನೆಯಲ್ಲಿದೆ ಎಂದು ಬಸ್‌ಸ್ಟ್ಯಾಂಡಿನಲ್ಲೇ ಯಾರೋ ಹೇಳುತ್ತಿದ್ದರಂತೆ. ಬೆಳಗ್ಗೆ ನಾನು ಬಾಗಿಲು ತೆಗೆಯುವಾಗ ಹದಿನೈದು ಜನ ನಿಂತಿದ್ದರು. ಮಧ್ಯಾಹ್ನಕ್ಕೆ ಗೇಟಿನ ಹತ್ತಿರ ಮುಸುಕಿನ ಜೋಳ ಸುಡುವವನು ಬಂದ, ಬಣ್ಣದ ಕನ್ನಡಕ ಮಾರುವವನು ಬಂದ. ಜನ ನನ್ನನ್ನು ಕಂಡು, "ಅಜ್ಜಿ, ಬಟ್ಟೆ ಬದಲಾಯಿಸೋ ರೂಮೆಲ್ಲಿ?", "ಅಜ್ಜಿ, ಇದು ಎಷ್ಟು ಗಂಟೆಗೆ ನಿಲ್ಸ್ತಾರೆ?" ಎಂದು ಕೇಳುತ್ತಿದ್ದರು. ಒಬ್ಬ ನಮ್ಮ ದೇವರಗೂಡಿನ ಮುಂದೆ ಟವೆಲ್ ಸುತ್ತಿಕೊಂಡು ನಡುಗುತ್ತಾ ನಿಂತಿದ್ದ. ಇನ್ನೊಬ್ಬಳು ಹನ್ನೊಂದೇ ಅಡಿಯಾ, ಫೋಟೋದಲ್ಲಿ ದೊಡ್ಡದಿತ್ತಲ್ಲ ಎಂದು ಗಂಡನನ್ನು ಬೈದಳು. ಮುದ್ದಯ್ಯನ ಸೀಟಿಗೆ ಬಿಡುವೇ ಇರಲಿಲ್ಲ.

ನನ್ನ ಎದೆಯೊಡೆದದ್ದು ಸಂಜೆ. ದಾಕ್ಷಾಯಿಣಿ ಅಟ್ಟದಿಂದ ಟ್ರಂಕು ಇಳಿಸಿ ಪಾತ್ರೆ ತುಂಬುತ್ತಿದ್ದಳು. "ಏನೇ ಇದು?" ಎಂದೆ.

"ಬಂಡೆ ಮೇಲೆ ಬೇಕಾಗ್ತದಲ್ಲ ಅತ್ತೆ" ಎಂದಳು. ವ್ಯಂಗ್ಯವಿರಲಿಲ್ಲ ಮಾತಿನಲ್ಲಿ. ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು. "ಉರುಳಿ ಹೋಗದ ಪಾತ್ರೆಗಳನ್ನ ಮಾತ್ರ ತಗೊಳ್ತಾ ಇದ್ದೀನಿ."

ಶನಿವಾರ ಬೆಳಗ್ಗೆ ನನಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಆರು ದಿನವಾಗಿತ್ತು ಅನ್ನದ ಮುಖ ಕಂಡು. ಗೋಡೆ ಹಿಡಿದು ಬಾಗಿಲಿಗೆ ಬಂದು ಕೂತೆ. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ವ್ಯಾನು ನಿಂತಿತು. ಬಯಲುಸೀಮೆಯ ಒಂದು ಸಂಸಾರ ಇಳಿಯಿತು: ನನ್ನ ವಯಸ್ಸಿನ ಒಬ್ಬಳು ಹೆಂಗಸು, ಅವಳ ಮಗ, ಸೊಸೆ, ಎರಡು ಹೆಣ್ಣುಮಕ್ಕಳು. ಆ ಹಿರಿಯಳ ಹೆಸರು ನೀಲವ್ವ ಎಂದು ಆಮೇಲೆ ತಿಳಿಯಿತು. ಅವರು ನಡುಮನೆಗೆ ಬಂದರು, ಅಬ್ಬಿಯನ್ನು ಅರ್ಧ ಗಳಿಗೆಯೂ ನೋಡಲಿಲ್ಲ, ಒಣಗಿದ ಕಡೆ ಚಾಪೆ ಬಿಚ್ಚಿ ಹಾಸಿ ಬುತ್ತಿ ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಡಬ್ಬಿ ತುಂಬ ಮೊಸರನ್ನ. ಆ ಎಣ್ಣೆಗಾಯಿಯ ವಾಸನೆ ಬಂದದ್ದೇ ತಡ, ನನ್ನ ಹೊಟ್ಟೆ ಎಂಥ ಸದ್ದು ಮಾಡಿತೆಂದರೆ ಅಬ್ಬಿಯ ಭೋರ್ಗರೆತದ ಮೇಲೂ ನೀಲವ್ವ ತಿರುಗಿ ನೋಡಿದಳು.

"ಯವ್ವಾ, ಉಣ್ಣೂ ಹೊತ್ತಾತು. ಬಾ, ಕುಂಡ್ರು" ಎಂದಳು.

"ಬೇಡ ಕಣಮ್ಮ, ನೀವು ಊಟ ಮಾಡಿ. ನಾನು ಈ ಮನೆಯೋಳು."

"ಮನಿಯಾಕಿ ಬಾಗಲದಾಗ ಕುಂತು ನೋಡಾಕತ್ತಿದ್ರ ನಮಗ ತುತ್ತು ಇಳೀತೈತೇನು? ಬಾ ಅಂದ್ರ ಬಾ."

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಬ್ಬಿಯನ್ನು ತೋರಿಸಿ, ಅದನ್ನು ಊಟಕ್ಕೆ ಕರೆದವಳು ನಾನು, ಅದಿನ್ನೂ ಉಂಡಿಲ್ಲ, ಅದು ಉಣ್ಣದೆ ನಾನು ಉಣ್ಣುವಂತಿಲ್ಲ ಎಂದೆ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ನೀಲವ್ವ ನಗಲಿಲ್ಲ. ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು, ನ್ಯಾಯ ಹೇಳುವವರ ಹಾಗೆ ಸ್ವಲ್ಪ ಹೊತ್ತು ಯೋಚಿಸಿದಳು.

"ಖರೆ ಐತಿ. ಕರದಾಕಿ ಮೊದಲ ಉಣಬಾರದು. ನಮ್ಮಲ್ಲೂ ಹಂಗ" ಎಂದಳು. "ಆದ್ರ ಕೇಳಿಲ್ಲೆ. ಅದನ್ನ ಕರದಾಕಿ ನೀನು. ನಿನ್ನ ಕರದಾಕಿ ನಾನು. ಈ ಚಾಪಿ ನಂದು, ಬುತ್ತಿ ನಂದು. ಇದರ ಮ್ಯಾಲೆ ಬಂದು ಕುಂತಿ ಅಂದ್ರ ನೀ ನನ್ನ ಮನಿಗೆ ಬಂದಂಗಾತು. ನನ್ನ ಮನಿಗೆ ಬಂದು ಹಸಿದು ಎದ್ದು ಹೋಕ್ಕೀಯೇನು?"

ನಾನು ಅದನ್ನು ಮನಸ್ಸಿನಲ್ಲೇ ಆಚೆ ಈಚೆ ತಿರುಗಿಸಿ ನೋಡಿದೆ. ಎಲ್ಲೂ ತಪ್ಪು ಕಾಣಲಿಲ್ಲ. ಬಾಗಿಲಲ್ಲಿ ಕೂತರೆ ನಾನು ಮನೆಯೊಡತಿ, ನಾಲ್ಕು ಹೆಜ್ಜೆ ಆಚೆ ಚಾಪೆಯ ಮೇಲೆ ಕೂತರೆ ನಾನು ನೆಂಟಳು. ನೆಂಟಳಾದವಳು ಬಡಿಸಿದ್ದನ್ನು ಬೇಡ ಅಂದರೆ ಅದೂ ತಪ್ಪೇ. ಎದ್ದು ಹೋಗಿ ಚಾಪೆಯ ಅಂಚಿನಲ್ಲಿ ಕೂತೆ. ನೀಲವ್ವನ ಸೊಸೆ ತಟ್ಟೆ ಇಟ್ಟಳು. ತಟ್ಟೆ ಸಾಲದೆ ನೀಲವ್ವನೂ ನಾನೂ ಒಂದರಲ್ಲೇ ಉಂಡೆವು.

ಮೊದಲ ತುತ್ತಿಗೆ ನನ್ನ ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಹಸಿವಿಗೋ. ಎರಡನೇ ರೊಟ್ಟಿಗೆ ಬರುವ ಹೊತ್ತಿಗೆ ನೀಲವ್ವ ತನ್ನ ಮೊಣಕಾಲು ನೋವಿನ ಕಥೆ ಹೇಳುತ್ತಿದ್ದಳು, ನಾನೂ ನನ್ನದು ಹೇಳುತ್ತಿದ್ದೆ. ನಾವಿಬ್ಬರೂ ಕೂಗದೆ ಮಾತಾಡುತ್ತಿದ್ದೇವೆ ಎಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಮೊಸರನ್ನ ಬಡಿಸಿಕೊಳ್ಳುವಾಗ ಟಿಕ್ ಟಿಕ್ ಎಂದು ಏನೋ ಕೇಳಿಸಿತು. ನಮ್ಮ ಗೋಡೆ ಗಡಿಯಾರ! ಆರು ದಿನದಿಂದ ಅದು ಇದೆ ಎಂಬುದನ್ನೇ ಮರೆತಿದ್ದೆ. ತಿರುಗಿ ನೋಡಿದರೆ ಹಿಂಗೋಡೆ ಬರಿದಾಗಿತ್ತು. ಎರಡು ಬೆರಳು ಎಡಕ್ಕೆ ವಾಲಿದ ಗೋಡೆ, ಒದ್ದೆಯಾಗಿ, ತೊಳೆದಿಟ್ಟ ಹಾಗೆ. ಅಬ್ಬಿಯ ಕೊನೆಯ ಸೆರಗು ಹೊಸಿಲು ದಾಟುತ್ತಿತ್ತು. ಉಣ್ಣುವವರಿಗೆ ತೊಂದರೆಯಾಗಬಾರದೆಂದು ಸೀರೆ ಎತ್ತಿಕೊಂಡು ಚಾಪೆಯ ಬದಿಯಲ್ಲಿ ಹಾದುಹೋಗುವ ಹೆಂಗಸಿನ ಹಾಗೆ, ಸದ್ದಿಲ್ಲದೆ.

ಮುದ್ದಯ್ಯ ಸ್ಟೂಲು ಕಂಕುಳಲ್ಲಿ ಇರುಕಿಕೊಂಡು ಎದ್ದ. "ನನಗೆ ಮೊದ್ಲೇ ಹೊಳೀಬೇಕಿತ್ತು ಪುಟ್ಟಗೌರಮ್ಮ" ಎಂದ. "ಮೂವತ್ತು ವರ್ಷದಿಂದ ನೋಡ್ತಿವ್ನಿ, ಬಂದೋರೆಲ್ಲ ಮೊದ್ಲು ಬುತ್ತಿ ಬಿಚ್ತಾರೆ, ಆಮೇಲೆ ಅದರ ಕಡೆ ತಿರುಗ್ತಾರೆ. ಹಸಿದೋರ ಮುಂದೆ ನಿಂತು ಅದಕ್ಕೆ ಅಭ್ಯಾಸವೇ ಇಲ್ಲ. ನೀವು ಅದು ಉಣ್ಲಿ ಅಂತ ಕಾದ್ರಿ. ಅದು ನೀವು ಉಣ್ಲಿ ಅಂತ ಕಾಯ್ತು." ಹಾಗೆಂದವನೇ ತನ್ನ ಡ್ಯೂಟಿಯ ಹಿಂದೆ ಓಡಿದ.

ದಾಕ್ಷಾಯಿಣಿ ಟ್ರಂಕಿನ ಮೇಲೆ ಕೂತು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಪಾತ್ರೆಗಳನ್ನು ಒಂದೊಂದಾಗಿ ಗೂಡಿಗೆ ಜೋಡಿಸತೊಡಗಿದಳು. ಅಷ್ಟರಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ವಿರೂಪಾಕ್ಷಯ್ಯ ಬಂದ. ಇಬ್ಬರು ಕೂಲಿಯವರು ಕಬ್ಬಿಣದ ಕಂಬ ಹೊತ್ತಿದ್ದರು. ಅದರ ಮೇಲೆ ಹಳದಿ ಬೋರ್ಡು, ಅದರಲ್ಲಿ 'ಪ್ರೇಕ್ಷಣೀಯ ಸ್ಥಳ' ಎಂದು ಕಪ್ಪಕ್ಷರ. ಒಳಗೆ ಇಣುಕಿ ಒಣಗುತ್ತಿದ್ದ ಗೋಡೆ ನೋಡಿ ಅವನ ಮುಖ ಸಪ್ಪಗಾಯಿತು.

"ಹೋಯ್ತಲ್ಲಪ್ಪ, ಇನ್ನು ಬೋರ್ಡು ವಾಪಸ್ ತಗೊಂಡೋಗು" ಎಂದ ಶಿವನಂಜ.

"ಅದೇ ಕಷ್ಟ. ನೆಡೋಕೆ ಆರ್ಡರ್ ಅದೆ, ವಾಪಸ್ ತರೋಕೆ ಆರ್ಡರ್ ಇಲ್ಲ." ಅವನು ಸುತ್ತ ನೋಡಿದ. ಗೇಟಿನಲ್ಲಿ ಜೋಳ ಸುಡುವವನು, ಬಾಗಿಲಲ್ಲಿ ವ್ಯಾನು, ನಡುಮನೆಯಲ್ಲಿ ಚಾಪೆ ಹಾಸಿ ಕೂತ ಪರಊರ ಸಂಸಾರ. "ಅಬ್ಬಿ ಇಲ್ದಿದ್ರೂ ಜನ ಬಂದವ್ರಲ್ಲ ದೊಡ್ಡವ್ವ. ಪ್ರವಾಸಿಗಳು ಬಂದು ಕೂತು ನೋಡೋ ಜಾಗ ಅಂದ್ರೆ ಪ್ರೇಕ್ಷಣೀಯವೇ. ರೂಲ್ಸಿನಲ್ಲಿ ಹಂಗೇ ಅದೆ." ಕೂಲಿಯವರಿಗೆ ಕಣ್ಸನ್ನೆ ಮಾಡಿದ. ಅಂಗಳದಲ್ಲಿ ಹಾರೆಯ ಮೊದಲ ಏಟು ಬಿತ್ತು.

ನಾನು ಏಳುವ ಮೊದಲೇ ನೀಲವ್ವ ಕೈ ತೊಳೆದು ಎದ್ದು ನಿಂತಿದ್ದಳು.

"ಯಾರಪಾ ನೀನು? ಯಾರನ್ನ ಪ್ರವಾಸಿ ಅಂತೀ?"

"ನಿಮ್ಮನ್ನೇ ಅಮ್ಮ. ನೀವು ಇಲ್ಲಿ ನೋಡೋಕೆ ತಾನೆ ಬಂದಿರೋದು?"

"ಏನ ಐತಪಾ ಇಲ್ಲಿ ನೋಡಾಕ? ಒಂದು ಗ್ವಾಡಿ, ಅದೂ ಸೊಟ್ಟ. ನಾವು ಬೀಗರ ಮನಿಗೆ ಬಂದೇವಿ."

"ಬೀಗರಾ? ಹೆಂಗೆ ಬೀಗರು?"

"ಇಬ್ಬರೂ ಒಂದ ತಾಟಿನ್ಯಾಗ ಉಂಡೇವಿ. ತಾಟು ಇನ್ನೂ ತೊಳದಿಲ್ಲ, ಬೇಕಂದ್ರ ಬಂದು ನೋಡು. ನಮ್ಮೂರಾಗ ಇಷ್ಟು ಸಾಕು. ನಿಮ್ಮೂರಾಗ ಬೀಗರ ಮನಿ ಮುಂದ ಬೋರ್ಡು ಹಚ್ಚತೀರೇನು?"

ವಿರೂಪಾಕ್ಷಯ್ಯ ಜೇಬಿನಿಂದ ಕಾಗದ ತೆಗೆದು ಮೇಲಿನಿಂದ ಕೆಳಗೆ ಓದಿದ, ತಿರುಗಿಸಿ ಹಿಂದೆ ನೋಡಿದ. ನೆಂಟರು ಬಂದ ಮನೆಯ ವಿಚಾರ ಅದರಲ್ಲಿ ಎಲ್ಲೂ ಇರಲಿಲ್ಲ. ತಟ್ಟೆಯನ್ನು ನಿಜವಾಗಿಯೂ ಬಂದು ನೋಡಿದ. ನೆಂಟರ ಮನೆಯನ್ನು ಪ್ರೇಕ್ಷಣೀಯ ಮಾಡಿದರೆ ಊರಲ್ಲಿ ಒಂದು ಮನೆಯೂ ಉಳಿಯುವುದಿಲ್ಲ, ಅವನದೂ ಸೇರಿ. ಕೂಲಿಯವರು ಹಾರೆ ಹಿಡಿದೇ ನಿಂತಿದ್ದರು.

"ಮುಚ್ರಪ್ಪ ಗುಂಡಿ" ಎಂದ ಕೊನೆಗೆ. ಬೋರ್ಡನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಅಕ್ಷರ ಕಾಣದ ಹಾಗೆ ಮಗುಚಿ ತಾನೇ ಹೆಗಲಿಗೇರಿಸಿಕೊಂಡು ಹೋದ.

ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ನೀಲವ್ವನ ಚಿಕ್ಕ ಮೊಮ್ಮಗಳು ಅಳಲು ಶುರುಮಾಡಿದಳು. ಜಲಪಾತ ನೋಡುತ್ತೇವೆಂದು ಕರೆದುಕೊಂಡು ಬಂದು ರೊಟ್ಟಿ ತಿನ್ನಿಸಿದರು, ಜಲಪಾತ ಎಲ್ಲಿ ಎಂದು. ಅದೂ ನ್ಯಾಯವೇ. ನೀಲವ್ವ ನನ್ನನ್ನು ಕೇಳಿದಳು: "ಎಲ್ಲೈತವಾ ಅದರ ಜಾಗ? ಬಾ, ತೋರಸು."

ನನಗೆ ಗೊತ್ತಿರಲಿಲ್ಲ. ಹೇಳಲು ನಾಚಿಕೆಯಾಯಿತು. ಹುಟ್ಟಿ ಬೆಳೆದ ಊರು, ಆದರೆ ನೋಟಗಳೇ ಬೀದಿಗೆ ಬರುವಾಗ ನಾವು ಅಲ್ಲಿಗೆ ಯಾಕೆ ಹೋಗುತ್ತೇವೆ? ನಮ್ಮ ಬೀದಿಯಲ್ಲಿ ಯಾರೂ ಹೋದವರಿಲ್ಲ. ದಾರಿ ಕೇಳಿಕೊಂಡು ಹೋದರಾಯಿತು ಎಂದು ನನ್ನನ್ನೂ ತನುಜಳನ್ನೂ ವ್ಯಾನಿಗೆ ಹತ್ತಿಸಿಕೊಂಡರು. ನನಗೆ ಕಿಟಕಿ ಪಕ್ಕದ ಸೀಟು ಕೊಟ್ಟರು. ತಿರುವಿಗೊಂದು ಸಲ ನೀಲವ್ವನ ಸೊಸೆ ಒಂದು ನಿಂಬೆಹಣ್ಣನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದಳು. ನಮ್ಮೂರು ಕೆಳಗೆ ಮನೆ ಮನೆಯಾಗಿ ಕಾಣುತ್ತಿತ್ತು. ಅಷ್ಟು ಚೆಂದ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಲ್ಲಿ ಜನವೋ ಜನ. ಮುದ್ದಯ್ಯ ಆಗಲೇ ತನ್ನ ಸ್ಟೂಲಿನ ಮೇಲೆ ಕೂತು ಸೀಟಿ ಊದುತ್ತಿದ್ದ. ಕಬ್ಬಿಣದ ಸರಳಿನ ಹತ್ತಿರ ಹೋಗಿ ತಲೆ ಎತ್ತಿದೆ. ಎತ್ತಿದಷ್ಟೂ ಇತ್ತು. ನನ್ನ ಮನೆಯಂಥ ಹತ್ತು ಮನೆ ಒಂದರ ಮೇಲೊಂದು ಇಟ್ಟರೂ ಮುಟ್ಟದ ಎತ್ತರದಿಂದ, ಮೋಡದ ಒಳಗಿನಿಂದ, ಅದು ಬೀಳುತ್ತಿತ್ತು. ಪಾತ್ರೆಯ ಗೂಡಿಗೆ ಹನಿ ಸಿಡಿಯದ ಹಾಗೆ ಮೈ ಮುದುರಿಕೊಂಡು ಆರು ದಿನ ನಿಂತಿದ್ದದ್ದು ಇದೇ ಎಂದು ನನಗೆ ನಂಬಲಾಗಲಿಲ್ಲ.

ತನುಜ ಸರಳು ಹಿಡಿದು ಕುಣಿದಳು. "ಏ ಅಬ್ಬಿ! ನಾವು ಕಣೋ! ನಮ್ಮನೇಲಿದ್ಯಲ್ಲ, ನಾವು!"

ಅಬ್ಬಿ ನಮ್ಮ ಕಡೆ ನೋಡಲಿಲ್ಲ. ಎಲ್ಲರ ಮುಂದೆ ಬೀಳುವ ಹಾಗೆ ನಮ್ಮ ಮುಂದೆಯೂ ಬೀಳುತ್ತಿತ್ತು, ಕುರ್ಚಿಯ ಮೇಲೆ ಕೂತ ಅಧಿಕಾರಿ ಬೀದಿಯವರನ್ನು ಗುರುತಿಲ್ಲದವರ ಹಾಗೆ ನೋಡುತ್ತಾನಲ್ಲ, ಹಾಗೆ.

"ಏನವಾ, ಗುರ್ತ ಹಿಡೀಲಿಲ್ಲೇನು ನಿನ್ನ?" ಎಂದಳು ನೀಲವ್ವ.

"ಕೆಲಸದಲ್ಲಿದೆ" ಎಂದೆ. "ಆರು ದಿನದ್ದು ಬಾಕಿ ಬಿದ್ದಿದೆ ಪಾಪ. ಈಗ ಮಾತಾಡಿಸಬಾರದು."

ತನುಜಳ ಕೈ ಹಿಡಿದುಕೊಂಡೆ. ಹಿಂದೆ ಇನ್ನೂ ಬಹಳ ಜನ ಕುತ್ತಿಗೆ ಉದ್ದ ಮಾಡಿ ನಿಂತಿದ್ದರು. ಅವರಿಗೂ ಕಾಣಲಿ ಎಂದು ಪಕ್ಕಕ್ಕೆ ಸರಿದೆ.